ಲಿವರ್ ಕಸಿಗೆ ಮುನ್ನ, ಕಸಿಯ ನಂತರ: ಹಾರೋಹಳ್ಳಿ ದಾರಿಯ ರೋಗಿಯ ಬದುಕು

ಅಂಗಾಂಗ ಕಸಿಯ ಯಶಸ್ಸನ್ನು ಅಳೆಯಲು ವೈದ್ಯಲೋಕ ಮೊದಲಿನಿಂದಲೂ ಬಳಸಿಕೊಂಡು ಬಂದಿರುವ ಮುಖ್ಯ ಅಳತೆಗೋಲು, ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಅಥವಾ ಐದು ವರ್ಷ ಕಳೆದ ಮೇಲೆ ಎಷ್ಟು ಮಂದಿ ಜೀವಂತವಾಗಿ ಉಳಿದಿದ್ದಾರೆ ಎಂಬುದು. ಈ ಅಳತೆಯಲ್ಲಿ ಯಕೃತ್ತಿನ, ಅಂದರೆ ಜನರ ಬಾಯಲ್ಲಿ ಲಿವರ್ ಎಂದೇ ರೂಢಿಯಾಗಿರುವ ಅಂಗದ ಕಸಿ, ಇಂದು ಒಳ್ಳೆಯ ಫಲಿತಾಂಶವನ್ನೇ ತೋರಿಸುತ್ತದೆ. ಅನುಭವವುಳ್ಳ ಕೇಂದ್ರಗಳಲ್ಲಿ ಕಸಿಗೊಳಗಾದ 10 ಮಂದಿಯಲ್ಲಿ ಸುಮಾರು 9 ಮಂದಿ ಮೊದಲ ವರ್ಷವನ್ನೂ ಸುಮಾರು 7 ಮಂದಿ ಐದನೆಯ ವರ್ಷವನ್ನೂ ದಾಟುತ್ತಾರೆ. ಹಾಗೆ ದಾಟಿದವರಿಗೆ ರಾತ್ರಿ ನಿದ್ದೆ ಬರುತ್ತಿದೆಯೇ, ಅವರು ಹೊಲಕ್ಕೋ ಕಾರ್ಖಾನೆಗೋ ಮರಳಿದರೇ, ಮನೆಯೊಳಗೆ ಅವರ ಮಾತಿಗೆ ಮೊದಲಿನ ತೂಕ ಉಳಿದಿದೆಯೇ ಎಂಬ ಪ್ರಶ್ನೆಗಳಿಗೆ ಮಾತ್ರ ಆ ಸಂಖ್ಯೆಗಳಲ್ಲಿ ಉತ್ತರ ಸಿಗುವುದಿಲ್ಲ. ಇಂಥ ಪ್ರಶ್ನೆಗಳೆಲ್ಲ ಸೇರಿ ‘ಜೀವನದ ಗುಣಮಟ್ಟ’ ಎಂಬ ಪರಿಕಲ್ಪನೆಯಾಗಿದೆ. ವ್ಯಕ್ತಿಯೊಬ್ಬರು ತಾವು ಬಾಳುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ, ತಮ್ಮ ಗುರಿ, ನಿರೀಕ್ಷೆ ಮತ್ತು ಚಿಂತೆಗಳಿಗೆ ಸಂಬಂಧಿಸಿದಂತೆ, ತಮ್ಮ ಬದುಕಿನ ಸ್ಥಿತಿಯನ್ನು ತಾವೇ ಹೇಗೆ ಗ್ರಹಿಸುತ್ತಾರೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಜೀವನದ ಗುಣಮಟ್ಟವೆಂದು ವ್ಯಾಖ್ಯಾನಿಸಿದೆ.

ಈ ವ್ಯಾಖ್ಯೆಯನ್ನು ಒಪ್ಪಿಕೊಂಡರೆ ಲಿವರ್ ಕಸಿಯ ವಿಚಾರವನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ನಿಲ್ಲಿಸಲಾಗದು; ರೋಗಿ ಯಾವ ಊರಿನಿಂದ ಬಂದರು, ಯಾವ ಕೆಲಸ ಮಾಡುತ್ತಿದ್ದರು, ಏನು ಉಣ್ಣುತ್ತಿದ್ದರು ಎಂಬುದೆಲ್ಲ ಚಿಕಿತ್ಸೆಯ ಭಾಗವಾಗುತ್ತದೆ. ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ 30ರಿಂದ 40 ಕಿಲೋಮೀಟರ್ ದೂರದಲ್ಲಿರುವ ಹಾರೋಹಳ್ಳಿ ಮತ್ತು ಅದರ ಸುತ್ತಲಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ ಈ ದೃಷ್ಟಿಯಿಂದ ವಿಶೇಷವಾಗಿ ಗಮನಿಸಬೇಕಾದ ಪ್ರದೇಶ. ಕಸಿ ನಡೆಸುವ ದೊಡ್ಡ ಆಸ್ಪತ್ರೆಗಳು ಇಲ್ಲಿಗೆ ಒಂದೆರಡು ಗಂಟೆಯ ದಾರಿಯಷ್ಟೇ. ಆದರೂ ಇಲ್ಲಿನ ಬದುಕು ರೇಷ್ಮೆ, ರಾಗಿ, ಮಾವು, ಹೈನು ಮತ್ತು ಹಾರೋಹಳ್ಳಿ, ಬಿಡದಿಯ ಕೈಗಾರಿಕಾ ಪ್ರದೇಶಗಳ ಪಾಳಿ ಕೆಲಸದ ಮೇಲೆ ನಿಂತಿದೆ, ಅಂದರೆ ಮೈಬಗ್ಗಿಸಿ ದುಡಿಯುವ ಶಕ್ತಿಯ ಮೇಲೆ ನಿಂತಿದೆ. ಲಿವರ್ ಕಾಯಿಲೆ ಮೊದಲು ಕಸಿದುಕೊಳ್ಳುವುದು ಆ ಶಕ್ತಿಯನ್ನೇ.

ವಯಸ್ಕರಲ್ಲಿ ಒಂದೂಕಾಲರಿಂದ ಒಂದೂವರೆ ಕಿಲೋ ತೂಗುವ ಯಕೃತ್ತು ಪಿತ್ತರಸವನ್ನು ತಯಾರಿಸುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಉತ್ಪಾದಿಸುತ್ತದೆ, ಊಟದ ಸಕ್ಕರೆಯನ್ನು ಕೂಡಿಟ್ಟು ಉಪವಾಸದ ಹೊತ್ತಿಗೆ ಬಿಡುಗಡೆ ಮಾಡುತ್ತದೆ, ಕರುಳಿನಿಂದ ಬರುವ ಅಮೋನಿಯದಂಥ ವಿಷಗಳನ್ನು ನಿರುಪದ್ರವಿಯಾಗಿಸುತ್ತದೆ. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಮಧುಮೇಹ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್, ಕೆಲವು ಆನುವಂಶಿಕ ರೋಗಗಳು ವರ್ಷಗಟ್ಟಲೆ ಈ ಅಂಗವನ್ನು ಗಾಯಗೊಳಿಸಿದಾಗ ಗಾಯದ ಕಲೆಗಳೇ ಅಂಗವನ್ನು ತುಂಬಿಕೊಂಡು ಅದು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಈ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಸಿರೋಸಿಸ್ ಬಹುಕಾಲ ಸದ್ದಿಲ್ಲದೆ ಇರುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆದು ರಕ್ತ ವಾಂತಿಯಾಗುವುದು, ಕಾಮಾಲೆ ಅಥವಾ ಮನಸ್ಸಿನ ಗೊಂದಲ, ಇವುಗಳಲ್ಲಿ ಒಂದು ಕಾಣಿಸಿಕೊಂಡ ಮೇಲೆ ಕಾಯಿಲೆ ಇನ್ನೊಂದು ಹಂತಕ್ಕೆ ಕಾಲಿಟ್ಟಿತೆಂದು ತಿಳಿಯಬೇಕು. ಕಣ್ಣು ಹಳದಿಯಾದೊಡನೆ ಕಾಮಾಲೆಗೆ ನಾಟಿ ಔಷಧಿ ಕೊಡುವವರನ್ನು ಹುಡುಕಿ ಹೋಗುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. ತಾನಾಗಿಯೇ ಇಳಿಯುವ ಹೆಪಟೈಟಿಸ್ ಎ ಕಾಮಾಲೆಯಲ್ಲಿ ಆ ಔಷಧಿಗೆ ಕೀರ್ತಿ ಬರುತ್ತದೆ, ಸಿರೋಸಿಸ್‌ನ ಕಾಮಾಲೆಯಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

ಕಸಿಗೆ ಮುನ್ನಿನ ಬದುಕು ಹೇಗಿರುತ್ತದೆ ಎಂಬುದನ್ನು ರೋಗಲಕ್ಷಣಗಳ ಹೆಸರಿನಿಂದ ಅರಿಯುವುದು ಕಷ್ಟ, ದಿನಚರಿಯಿಂದ ಅರಿಯುವುದು ಸುಲಭ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೆಯ ಜ್ವರ, ಅಂದರೆ ಕೊನೆಯ ಬಾರಿ ಪೊರೆ ಕಳಚುವ ಹಂತ, ದಾಟಿದ ಹುಳು ಗೂಡು ಕಟ್ಟುವ ಮುಂಚಿನ ಒಂದು ವಾರದಲ್ಲಿ ಇಡೀ ಬೆಳೆಯ ಸೊಪ್ಪಿನ ಶೇಕಡಾ 80ಕ್ಕೂ ಹೆಚ್ಚಿನ ಪಾಲನ್ನು ತಿಂದು ಮುಗಿಸುತ್ತದೆ. ಆ ವಾರ ಸೊಪ್ಪು ಕಡಿದು ಹೊರುವುದು, ಹೊತ್ತು ಹೊತ್ತಿಗೆ ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ಯಾವುದನ್ನೂ ನಾಳೆಗೆ ಮುಂದೂಡಲಾಗದು. ಸಿರೋಸಿಸ್ ಇರುವವರ ಆಯಾಸ ವಿಶ್ರಾಂತಿಯಿಂದ ಕಳೆಯುವ ಆಯಾಸವಲ್ಲ. ತೋಳು ತೊಡೆಗಳ ಮಾಂಸಖಂಡಗಳೇ ಕರಗಿರುವುದರಿಂದ ಎದ್ದು ನಿಲ್ಲುವುದಕ್ಕೂ ಕೈಯೂರಬೇಕಾಗುತ್ತದೆ, ಕಾಲಿನ ಸೆಳೆತದಿಂದ ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ, ಪಿತ್ತದ ಹರಿವಿಗೆ ತಡೆಯಾದವರಲ್ಲಿ ಅಂಗೈ ಅಂಗಾಲಿನ ತುರಿಕೆ ಚರ್ಮ ಕಿತ್ತುಬರುವಷ್ಟು ಬಲವಾಗಿ ಬಂದು ನಿದ್ದೆಯನ್ನೇ ಇಲ್ಲವಾಗಿಸುತ್ತದೆ. ಹೊಟ್ಟೆಯಲ್ಲಿ ಹತ್ತು ಲೀಟರ್ ನೀರು ನಿಂತಾಗ ಬಗ್ಗುವುದಾಗಲೀ ಹೊಟ್ಟೆ ತುಂಬ ಉಣ್ಣುವುದಾಗಲೀ ಸಾಧ್ಯವಾಗದೆ, ಸೂಜಿ ಹಾಕಿ ನೀರು ತೆಗೆಸಿಕೊಳ್ಳಲು ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುವುದೇ ಕೆಲವರ ಜೀವನಕ್ರಮವಾಗಿಬಿಡುತ್ತದೆ.

ಇವೆಲ್ಲಕ್ಕಿಂತ ಮನೆಯವರನ್ನು ಹೆಚ್ಚು ಕಂಗೆಡಿಸುವುದು ಮಿದುಳಿನ ಮೇಲಾಗುವ ಪರಿಣಾಮ. ಯಕೃತ್ತು ಶುದ್ಧಗೊಳಿಸದೆ ಬಿಟ್ಟ ಅಮೋನಿಯ ಮತ್ತಿತರ ವಸ್ತುಗಳು ರಕ್ತದ ಮೂಲಕ ಮಿದುಳನ್ನು ಮುಟ್ಟಿದಾಗ ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಾರೆ, ಲೆಕ್ಕ ತಪ್ಪುತ್ತಾರೆ, ಅಕಾರಣ ಸಿಟ್ಟಾಗುತ್ತಾರೆ, ಕೈ ಚಾಚಿದಾಗ ಅಂಗೈ ಪಟಪಟನೆ ಅದುರುತ್ತದೆ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಕುಡಿತದ ಹಿನ್ನೆಲೆಯಿದ್ದವರಲ್ಲಿ ಇದನ್ನು ಮತ್ತೆ ಕುಡಿದರೆಂದೂ, ಇಲ್ಲದವರಲ್ಲಿ ಗಾಳಿ ಸೋಕಿತೆಂದೂ ಬಗೆಯುವುದುಂಟು. ವಾಸ್ತವವಾಗಿ ಇದು ಮಲಬದ್ಧತೆ, ಸೋಂಕು, ರಕ್ತಸ್ರಾವ ಅಥವಾ ನಿದ್ದೆಮಾತ್ರೆಯಿಂದ ಕೆರಳುವ, ಲ್ಯಾಕ್ಟ್ಯುಲೋಸ್ ಎಂಬ ಸಿಹಿ ದ್ರವದಿಂದ ದಿನಕ್ಕೆ ಎರಡು ಮೂರು ಬಾರಿ ಮೆತ್ತಗಿನ ಮಲವಿಸರ್ಜನೆ ಆಗುವಂತೆ ನೋಡಿಕೊಂಡರೆ ಬಹುಮಟ್ಟಿಗೆ ಹತೋಟಿಗೆ ಬರುವ ತೊಂದರೆ. ಇದರ ಸೌಮ್ಯ ರೂಪ ಮಾತುಕತೆಯಲ್ಲಿ ಗೊತ್ತಾಗುವುದಿಲ್ಲ. ಆದರೂ ಪ್ರತಿಕ್ರಿಯೆಯ ವೇಗ ಕುಗ್ಗಿರುವುದರಿಂದ ಅಂಥವರು ಲಾರಿಗಳ ನಡುವೆ ಕನಕಪುರ ರಸ್ತೆಯಲ್ಲಿ ಬೈಕ್ ಓಡಿಸುವುದು ಅವರಿಗೂ ಎದುರು ಬರುವವರಿಗೂ ಅಪಾಯಕಾರಿ.

ಊಟದ ವಿಷಯದಲ್ಲಿ ಈ ಸೀಮೆಯ ಮನೆಗಳಿಗೆ ಸ್ಪಷ್ಟ ತಿಳಿವಳಿಕೆ ಕೊಡುವುದು ಅತ್ಯಗತ್ಯ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪಿನ ಮಿತಿಯನ್ನು ಹೇಳಲಾಗುತ್ತದೆ. ಮುದ್ದೆಯ ಜೊತೆ ಉಪ್ಪುಸಾರು, ಅದಕ್ಕೊಂದು ಖಾರ, ಮೇಲೆ ಉಪ್ಪಿನಕಾಯಿ, ಹಪ್ಪಳ ಎಂಬ ಪದ್ಧತಿಯಲ್ಲಿ ಈ ಮಿತಿ ಒಂದೇ ಹೊತ್ತಿನಲ್ಲಿ ಮೀರಿಹೋಗುತ್ತದೆ. ಮುದ್ದೆಯನ್ನು ಬಿಡಬೇಕಾಗಿಲ್ಲ, ಸಾರಿನ ಉಪ್ಪನ್ನು ಇಳಿಸಬೇಕು. ಪ್ರೋಟೀನ್ ತಿಂದರೆ ಮಂಪರು ಬರುತ್ತದೆಂದು ಬೇಳೆ, ಕಾಳು, ಮೊಟ್ಟೆಗಳನ್ನೆಲ್ಲ ನಿಲ್ಲಿಸುವ ಹಳೆಯ ಸಲಹೆಯನ್ನು ಈಗಿನ ವೈದ್ಯಶಾಸ್ತ್ರ ಕೈಬಿಟ್ಟಿದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಇಂದಿನ ಮಾರ್ಗಸೂಚಿ, ಅಂದರೆ 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಮಂಪರಿನ ತೊಂದರೆ ಇರುವವರಿಗೂ ಅವರೆ, ಹುರುಳಿ, ಹೆಸರು ಮತ್ತು ಹಾಲು ಮೊಸರಿನ ಪ್ರೋಟೀನ್ ಚೆನ್ನಾಗಿ ಒಗ್ಗುತ್ತದೆ. ಸಿರೋಸಿಸ್ ಆದ ಯಕೃತ್ತು ಸಕ್ಕರೆಯ ದಾಸ್ತಾನನ್ನು ಇಟ್ಟುಕೊಳ್ಳಲಾರದೆ ಒಂದು ರಾತ್ರಿಯ ಖಾಲಿ ಹೊಟ್ಟೆಯಲ್ಲೇ ದೇಹ ತನ್ನ ಮಾಂಸಖಂಡವನ್ನು ಕರಗಿಸಿ ಉರಿಸಲು ತೊಡಗುತ್ತದೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ಆಗುವ ಬದಲಾವಣೆ ಇಲ್ಲಿ ಒಂದೇ ರಾತ್ರಿಯಲ್ಲಿ ಆಗುತ್ತದೆ. ಆದ್ದರಿಂದ ಮಲಗುವ ಮುನ್ನ ಒಂದಿಷ್ಟು ತಿನ್ನುವುದು ಔಷಧಿಯಷ್ಟೇ ಮುಖ್ಯ, ಸೋಮವಾರ ಶನಿವಾರಗಳ ಒಪ್ಪತ್ತು ಮತ್ತು ಏಕಾದಶಿಯ ಉಪವಾಸ ಹಾನಿಕರ. ದೇವರ ಹೆಸರಿನಲ್ಲಿ ಹೊತ್ತ ವ್ರತವನ್ನು ಬಿಡಿಸಲು ವೈದ್ಯರ ಆದೇಶಕ್ಕಿಂತ ಮನೆಯ ಹಿರಿಯರೊಬ್ಬರ ಸಮ್ಮತಿಯ ಮಾತು ಹೆಚ್ಚು ಫಲಕಾರಿಯಾಗುತ್ತದೆ.

ಇಷ್ಟೆಲ್ಲ ಯಾತನೆಯಲ್ಲಿ ಕಸಿಯ ಸರದಿಯನ್ನು ನಿರ್ಧರಿಸುವಾಗ ಲೆಕ್ಕಕ್ಕೆ ಬರುವುದು ಎಷ್ಟು ಎಂದು ಕೇಳಿದರೆ ಉತ್ತರ ಚಿಂತೆಗೀಡುಮಾಡುವಂತಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೆಲ್ಡ್ ಅಂಕ, ರಕ್ತದಲ್ಲಿನ ಬಿಲಿರುಬಿನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ಮತ್ತು ನಂತರ ಸೇರಿಸಲಾದ ಸೋಡಿಯಂ ಪ್ರಮಾಣಗಳಿಂದ 6ರಿಂದ 40ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಮುಂದಿನ ಮೂರು ತಿಂಗಳಲ್ಲಿ ಸಾವು ಸಂಭವಿಸುವ ಸಾಧ್ಯತೆ ಹೆಚ್ಚು. ಅಮೆರಿಕ 2002ರಲ್ಲಿ ಇದನ್ನು ಅಳವಡಿಸಿಕೊಂಡಿದ್ದು ಕಾಯುವಿಕೆಯ ಅವಧಿಯ ಬದಲು ಅಗತ್ಯಕ್ಕೆ ಆದ್ಯತೆ ಸಿಗಲೆಂದು, ಆ ಮಟ್ಟಿಗೆ ಅದು ನ್ಯಾಯವಾದ ಕ್ರಮ. ಆದರೆ ತುರಿಕೆ, ಮಂಪರು, ಆಯಾಸ, ಮಾಂಸಖಂಡದ ಕ್ಷಯ, ನೀರು ತೆಗೆಸುವ ಸರದಿ, ಇವುಗಳಲ್ಲಿ ಯಾವುದೂ ಆ ಅಂಕದಲ್ಲಿ ನೇರವಾಗಿ ಸೇರಿಲ್ಲ. 14 ಅಂಕದ ರೋಗಿ 24 ಅಂಕದ ರೋಗಿಗಿಂತ ಹೆಚ್ಚು ದುಸ್ತರವಾದ ದಿನಗಳನ್ನು ಕಳೆಯುತ್ತಿರಬಹುದು. ಸಾವಿನ ಹತ್ತಿರವಿರುವವರನ್ನು ಮೊದಲು ಕರೆಯುವುದು ಸರಿಯೇ. ಸರದಿಯಲ್ಲಿ ಹಿಂದಿರುವವರ ನೋವನ್ನು ಯಾರೂ ಬರೆದಿಟ್ಟುಕೊಳ್ಳದಿರುವುದು ಮಾತ್ರ ಸರಿಯಲ್ಲ.

ಬರೆದಿಟ್ಟುಕೊಳ್ಳಲು ಸಾಧನಗಳಿಲ್ಲ ಎನ್ನುವಂತಿಲ್ಲ. ದೇಹದ ಕಾರ್ಯಶಕ್ತಿ, ನೋವು, ಚೈತನ್ಯ, ಸಾಮಾಜಿಕ ಒಡನಾಟ, ಮನಸ್ಸಿನ ಸ್ಥಿತಿ ಮುಂತಾದ 8 ಕ್ಷೇತ್ರಗಳನ್ನು 36 ಪ್ರಶ್ನೆಗಳಲ್ಲಿ ವಿಚಾರಿಸುವ ಎಸ್‌ಎಫ್-36 ಎಂಬ ಪ್ರಶ್ನಾವಳಿ ಎಲ್ಲ ರೋಗಗಳಿಗೂ ಅನ್ವಯಿಸುತ್ತದೆ. 1999ರಲ್ಲಿ ಪ್ರಕಟವಾದ, ಲಿವರ್ ರೋಗಿಗಳಿಗೆಂದೇ ರೂಪಿಸಿದ ಇನ್ನೊಂದು ಪ್ರಶ್ನಾವಳಿಯಲ್ಲಿ ಹೊಟ್ಟೆಯ ತೊಂದರೆ, ಆಯಾಸ, ಚಿಂತೆ ಮೊದಲಾದ 6 ಕ್ಷೇತ್ರಗಳ 29 ಪ್ರಶ್ನೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಸಂಕ್ಷಿಪ್ತ ಮಾಪನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಹ, ಮನಸ್ಸು, ಸಂಬಂಧಗಳ ಜೊತೆಗೆ ಪರಿಸರವನ್ನೂ ಒಂದು ಕ್ಷೇತ್ರವಾಗಿ ಎಣಿಸಿ, ಕೈಯಲ್ಲಿ ಸಾಕಷ್ಟು ಹಣವಿದೆಯೇ, ಆರೋಗ್ಯ ಸೇವೆ ಕೈಗೆಟಕುತ್ತದೆಯೇ, ಓಡಾಟದ ಸೌಕರ್ಯ ತೃಪ್ತಿಕರವೇ ಎಂದು ನೇರವಾಗಿ ಕೇಳುತ್ತದೆ. ಬಸ್ಸು ಸಿಗುವುದು ಸಹ ಜೀವನದ ಗುಣಮಟ್ಟದ ಅಂಶವೆಂದು ಜಗತ್ತಿನ ಅತಿದೊಡ್ಡ ಆರೋಗ್ಯ ಸಂಸ್ಥೆಯೇ ಒಪ್ಪಿಕೊಂಡಿರುವುದು ಹಾರೋಹಳ್ಳಿಯ ರೋಗಿಯ ಮಟ್ಟಿಗೆ ಬಹಳ ಅರ್ಥಪೂರ್ಣವಾದ ಸಂಗತಿ.

ಇಂಥ ಪ್ರಶ್ನೆಗಳು ಹುಟ್ಟಿದ್ದೇ ಈಚೆಗೆ, ಏಕೆಂದರೆ ಮೊದಲು ರೋಗಿ ಬದುಕುಳಿಯುವುದೇ ದೊಡ್ಡ ಪ್ರಶ್ನೆಯಾಗಿತ್ತು. ಅಮೆರಿಕದ ಡೆನ್ವರ್‌ನಲ್ಲಿ 1963ರ ಮಾರ್ಚ್ 1ರಂದು ಥಾಮಸ್ ಸ್ಟಾರ್ಜ್ಲ್ ನಡೆಸಿದ ಮನುಷ್ಯರಲ್ಲಿನ ಮೊದಲ ಲಿವರ್ ಕಸಿಯಲ್ಲಿ ಮೂರು ವರ್ಷದ ಮಗು ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೇ ಕೊನೆಯುಸಿರೆಳೆಯಿತು. ವರ್ಷಕ್ಕೂ ಹೆಚ್ಚು ಕಾಲ ಬದುಕಿದ ರೋಗಿಯನ್ನು ಕಾಣಲು 1967ರವರೆಗೆ ಕಾಯಬೇಕಾಯಿತು. ಹೊಸ ಅಂಗವನ್ನು ದೇಹ ಶತ್ರುವೆಂದು ಬಗೆದು ತಿರಸ್ಕರಿಸುವುದನ್ನು ತಡೆಯುವ ಸೈಕ್ಲೋಸ್ಪೊರಿನ್ ಬಂದ ಮೇಲೆ, 1983ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಲಿವರ್ ಕಸಿಯನ್ನು ಪ್ರಯೋಗದ ಹಂತ ದಾಟಿದ ಚಿಕಿತ್ಸೆಯೆಂದು ಒಪ್ಪಿತು. ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಾಣುವಿನಿಂದ 1984ರಲ್ಲಿ ದೊರೆತ, ಅದೇ ಕೆಲಸ ಮಾಡುವ ಟ್ಯಾಕ್ರೊಲಿಮಸ್ ಎಂಬ ಔಷಧಿ ಇಂದು ಬಹುಪಾಲು ರೋಗಿಗಳ ಆಧಾರ. ಭಾರತದಲ್ಲಿ ಮಿದುಳು ನಿಷ್ಕ್ರಿಯತೆಯನ್ನು ಮರಣವೆಂದು ಗುರುತಿಸಿ ಅಂಗಾಂಗಗಳ ಮಾರಾಟವನ್ನು ನಿಷೇಧಿಸಿದ ಕಾನೂನು 1994ರಲ್ಲಿ ಬಂತು, ಜೀವಂತ ದಾನಿಯಿಂದ ಲಿವರ್ ಪಡೆದ ಮಗುವೊಂದರ ಮೊದಲ ಯಶಸ್ವಿ ಕಸಿ 1998ರಲ್ಲಿ ದೆಹಲಿಯಲ್ಲಿ ನಡೆಯಿತು.

ಕರ್ನಾಟಕದಲ್ಲಿ ಮರಣೋತ್ತರ ಅಂಗಾಂಗ ದಾನವನ್ನು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ಸಂಯೋಜಿಸುತ್ತದೆ. ಕಸಿ ಬೇಕಾದ ರೋಗಿಯ ಹೆಸರನ್ನು ಆಸ್ಪತ್ರೆಯ ಮೂಲಕ ಅಲ್ಲಿ ನೋಂದಾಯಿಸಲಾಗುತ್ತದೆ. 2021ರ ಜೂನ್‌ನಲ್ಲಿ ರಾಷ್ಟ್ರಪ್ರಶಸ್ತಿ ಪುರಸ್ಕೃತ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯಗೊಂಡಾಗ ಅವರ ಕುಟುಂಬ ಅಂಗಾಂಗಗಳನ್ನು ದಾನ ಮಾಡಲು ಒಪ್ಪಿದ್ದು ನಾಡಿನ ಉದ್ದಗಲಕ್ಕೂ ಈ ವಿಷಯವನ್ನು ಮನೆಮಾತಾಗಿಸಿತು. 2023ರಲ್ಲಿ ರಾಜ್ಯದಲ್ಲಿ 178 ಮಂದಿಯ ಕುಟುಂಬಗಳು ಇಂಥ ದಾನಕ್ಕೆ ಸಮ್ಮತಿಸಿದವು. ಆದರೂ ದೇಶದಲ್ಲಿ ಈಗ ವರ್ಷಕ್ಕೆ ನಡೆಯುವ 4 ಸಾವಿರಕ್ಕೂ ಹೆಚ್ಚು ಲಿವರ್ ಕಸಿಗಳಲ್ಲಿ ಬಹುಪಾಲು ನಡೆಯುವುದು ಜೀವಂತ ದಾನಿಗಳಿಂದಲೇ. ಯಕೃತ್ತು ಮತ್ತೆ ಬೆಳೆಯಬಲ್ಲ ಅಂಗವಾದ್ದರಿಂದ ಹತ್ತಿರದ ಬಂಧುವಿನ ಲಿವರ್‌ನ ಬಲಭಾಗವನ್ನು, ಅಂದರೆ ಒಟ್ಟಿನಲ್ಲಿ ಸುಮಾರು ಶೇಕಡಾ 60ರಷ್ಟನ್ನು ತೆಗೆದು ಜೋಡಿಸಿದರೆ, ಕೊಟ್ಟವರಲ್ಲೂ ಪಡೆದವರಲ್ಲೂ ಕೆಲವು ತಿಂಗಳುಗಳಲ್ಲಿ ಅದು ಬೇಕಾದ ಗಾತ್ರಕ್ಕೆ ಬೆಳೆಯುತ್ತದೆ.

ಭಾರತದಲ್ಲಿ ಹೀಗೆ ಅಂಗ ಕೊಡುವ ಜೀವಂತ ದಾನಿಗಳಲ್ಲಿ ಬಹುಪಾಲು ಮಹಿಳೆಯರು, ಪಡೆಯುವವರಲ್ಲಿ ಬಹುಪಾಲು ಪುರುಷರು ಎಂಬುದನ್ನು ಮರೆತು ಗುಣಮಟ್ಟದ ಚರ್ಚೆ ಮಾಡುವಂತಿಲ್ಲ. ಹೆಚ್ಚಿನ ದಾನಿಗಳು ಮೂರರಿಂದ ಆರು ತಿಂಗಳಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತಾರೆಂದು ಅಧ್ಯಯನಗಳು ತಿಳಿಸುತ್ತವೆ. ಆದರೆ ದಾನಿಯ ಸಾವೂ ಅಪರೂಪಕ್ಕೆ, ಸಾವಿರಕ್ಕೆ ಎರಡರಿಂದ ಐದರಷ್ಟು, ಸಂಭವಿಸಬಹುದೆಂಬುದನ್ನು ದಾನಕ್ಕೆ ಮುನ್ನ ಹೇಳಲೇಬೇಕು. ಹೊಟ್ಟೆಯ ಗಾಯ ಮಾಯುವ ಮೂರು ತಿಂಗಳು ಭಾರ ಎತ್ತಬಾರದೆಂಬ ಸೂಚನೆ ಕನಕಪುರದ ಹಳ್ಳಿಯೊಂದರ ಗೃಹಿಣಿಗೆ ಹುಲ್ಲಿನ ಹೊರೆ, ಸೊಪ್ಪಿನ ಮೂಟೆ, ನೀರಿನ ಕೊಡ ಎಲ್ಲವನ್ನೂ ನಿಷೇಧಿಸುತ್ತದೆ. ಅದೇ ಮೂರು ತಿಂಗಳಲ್ಲಿ ಗಂಡನ ಔಷಧಿಯ ವೇಳೆ, ಪಥ್ಯದ ಅಡುಗೆ, ಮಕ್ಕಳ ಶಾಲೆ ಎಲ್ಲವನ್ನೂ ನೋಡಿಕೊಳ್ಳಬೇಕಾದವರೂ ಸಾಮಾನ್ಯವಾಗಿ ಅವರೇ ಆಗಿರುತ್ತಾರೆ. ಒಂದು ಮನೆಯಲ್ಲಿ ಇಬ್ಬರು ಏಕಕಾಲಕ್ಕೆ ಶಸ್ತ್ರಚಿಕಿತ್ಸೆಗೊಳಗಾದಾಗ ಆ ಮನೆಗೆ ಮೂರನೆಯ ಒಬ್ಬರು ಬೇಕು. ತವರಿನವರೋ ನೆಂಟರೋ, ಅವರು ಯಾರೆಂಬುದನ್ನು ಕಸಿಯ ದಿನಾಂಕ ನಿಶ್ಚಯಿಸುವ ಮೊದಲೇ ಕೇಳುವ ಪದ್ಧತಿ ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯವಾಗಬೇಕು.

ಕಸಿಯ ನಂತರದ ಬದಲಾವಣೆ ಕೆಲವು ವಿಷಯಗಳಲ್ಲಿ ಬೆರಗಾಗುವಷ್ಟು ಶೀಘ್ರ. ತುರಿಕೆ ದಿನಗಳಲ್ಲಿ ನಿಲ್ಲುತ್ತದೆ, ಕಣ್ಣಿನ ಹಳದಿ ವಾರಗಳಲ್ಲಿ ಇಳಿಯುತ್ತದೆ, ಮಂಪರು ಹೋಗಿ ಮಾತು ತಿಳಿಯಾಗುತ್ತದೆ, ಹಸಿವು ಮರಳುತ್ತದೆ. ನಿಂತುಹೋಗಿದ್ದ ಮುಟ್ಟು ಯುವತಿಯರಲ್ಲಿ ತಿಂಗಳುಗಳಲ್ಲಿ ಪುನರಾರಂಭವಾಗುತ್ತದೆ, ಒಂದು ವರ್ಷ ಕಾದು ಔಷಧಿಗಳನ್ನು ಹೊಂದಿಸಿಕೊಂಡು ತಾಯಿಯಾದವರು ಜಗತ್ತಿನೆಲ್ಲೆಡೆ ಇದ್ದಾರೆ. ಗುಣಮಟ್ಟದ ಅಂಕಗಳು ಆರರಿಂದ ಹನ್ನೆರಡು ತಿಂಗಳಲ್ಲಿ ಸ್ಪಷ್ಟವಾಗಿ ಏರುತ್ತವೆಂದು ಅನೇಕ ದೇಶಗಳ ಅಧ್ಯಯನಗಳು ಒಮ್ಮತದಿಂದ ಹೇಳುತ್ತವೆ. ಅವೇ ಅಧ್ಯಯನಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ದೇಹಶಕ್ತಿಯ ಅಂಕ ಆರೋಗ್ಯವಂತರ ಮಟ್ಟವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಆಯಾಸ ಹಲವರಲ್ಲಿ ಉಳಿಯುತ್ತದೆ, ಸಂಬಳದ ಕೆಲಸಕ್ಕೆ ಮರಳುವವರ ಪ್ರಮಾಣ ಬಹುತೇಕ ಕಡೆ ಅರ್ಧವನ್ನು ಮೀರುವುದಿಲ್ಲ. ಕಸಿ ರೋಗಿಯನ್ನು ಮೊದಲಿನ ಆರೋಗ್ಯಕ್ಕೆ ಒಯ್ಯುತ್ತದೆಂಬ ಭರವಸೆ ಕೊಟ್ಟು ಕಳುಹಿಸಿದರೆ ಎರಡನೆಯ ವರ್ಷದಲ್ಲಿ ನಿರಾಶೆ ಕಾದಿರುತ್ತದೆ. ಮಾರಕವಾದ ಕಾಯಿಲೆಯೊಂದು ಹೋಗಿ, ನಿಭಾಯಿಸಬಹುದಾದ ದೀರ್ಘಕಾಲದ ಸ್ಥಿತಿಯೊಂದು ಬರುತ್ತದೆಂದು ಮೊದಲೇ ತಿಳಿಸಿ ಹೇಳುವುದು ಪ್ರಾಮಾಣಿಕವಾದ ಮಾರ್ಗ.

ಆ ಸ್ಥಿತಿಯ ಕೇಂದ್ರದಲ್ಲಿರುವುದು ಮಾತ್ರೆ. ಟ್ಯಾಕ್ರೊಲಿಮಸ್ ಅನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಜೀವನಪರ್ಯಂತ ತೆಗೆದುಕೊಳ್ಳಬೇಕು. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ದೇಹ ಹೊಸ ಅಂಗವನ್ನು ತಿರಸ್ಕರಿಸುತ್ತದೆ, ಹೆಚ್ಚಾದರೆ ಕೈನಡುಕ, ತಲೆನೋವು, ಮಧುಮೇಹ, ರಕ್ತದೊತ್ತಡ ಮತ್ತು ಮೂತ್ರಪಿಂಡದ ಹಾನಿ ಎದುರಾಗುತ್ತವೆ. ಕಸಿಯಾದವರಲ್ಲಿ ದೀರ್ಘಕಾಲಿಕ ಮೂತ್ರಪಿಂಡ ವೈಫಲ್ಯ ಐದು ವರ್ಷಗಳಲ್ಲಿ ಶೇಕಡಾ 18ರಷ್ಟು ಜನರಲ್ಲಿ ಕಾಣಿಸಿಕೊಂಡಿತೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಅಂಗಡಿಯ ನೋವಿನ ಮಾತ್ರೆ, ಕ್ಷಯದ ಔಷಧಿ, ಕೆಲವು ಆ್ಯಂಟಿಬಯಾಟಿಕ್‌ಗಳು ಈ ಸಮತೋಲನವನ್ನು ಕೆಡಿಸುತ್ತವೆ. ದೇವನಹಳ್ಳಿಯ ಹೆಸರಿನೊಂದಿಗೆ ನಾಡಿಗೆಲ್ಲ ಪರಿಚಿತವಾದ ಚಕ್ಕೋತ ಹಣ್ಣು ಸಹ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಏರಿಸುವ ಗುಣವುಳ್ಳದ್ದಾದ್ದರಿಂದ ಕಸಿಯಾದವರು ಅದನ್ನು ತಿನ್ನಬಾರದು. ರೋಗನಿರೋಧಕ ಶಕ್ತಿಗೆಂದು ಮನೆಯಂಗಳದ ಅಮೃತಬಳ್ಳಿಯ ಕಷಾಯ ಕುಡಿಯುವುದೂ ತಪ್ಪು, ಏಕೆಂದರೆ ಆ ಶಕ್ತಿಯನ್ನು ಹದವಾಗಿ ತಗ್ಗಿಸಿಡುವುದೇ ಇಲ್ಲಿನ ಚಿಕಿತ್ಸೆ, ಮೇಲಾಗಿ ಆ ಕಷಾಯದಿಂದಲೇ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು 2021ರಲ್ಲಿ ಭಾರತದ ವೈದ್ಯರು ವರದಿ ಮಾಡಿದ್ದಾರೆ.

ತಗ್ಗಿಸಿದ ರೋಗನಿರೋಧಕ ಶಕ್ತಿಯೊಂದಿಗೆ ರೈತಾಪಿ ಬದುಕಿಗೆ ಮರಳುವುದು ಹೇಗೆ ಎಂಬುದು ನಗರದ ಆಸ್ಪತ್ರೆಗಳ ಮುದ್ರಿತ ಕೈಪಿಡಿಗಳಲ್ಲಿ ಸಾಕಷ್ಟು ವಿವರವಾಗಿ ಸಿಗುವುದಿಲ್ಲ. ಬೂಸ್ಟು ಹಿಡಿದ ಹುಲ್ಲಿನ ಬಣವೆಯಿಂದ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಶಿಲೀಂಧ್ರದ ಕಣಗಳಿರುತ್ತವೆ, ಕೊಟ್ಟಿಗೆಯ ಸಗಣಿ ಬಾಚುವಾಗ, ಬರಿಗೈಯಲ್ಲಿ ಮಣ್ಣು ಕೆದಕುವಾಗ ಸೋಂಕು ತಗಲಬಹುದು, ಹಸಿ ಹಾಲು ಕುಡಿಯುವುದು ನಿಷಿದ್ಧ. ಮೊದಲ ಮೂರರಿಂದ ಆರು ತಿಂಗಳು ಈ ಕೆಲಸಗಳಿಂದ ಪೂರ್ತಿ ದೂರವಿರಬೇಕು. ಆಮೇಲೆ ವೈದ್ಯರ ಸಮ್ಮತಿಯೊಂದಿಗೆ ಮುಖಗವಸು, ಕೈಗವಸು, ಬೂಟು ಧರಿಸಿ ಹಂತಹಂತವಾಗಿ ಮರಳಬಹುದು. ಹುಳುಮನೆಯಲ್ಲಿ ಸೊಪ್ಪು ಹಾಕುವ ಹಗುರ ಕೆಲಸ ಸಾಧ್ಯ, ಬೆಳೆ ಮುಗಿದ ಮೇಲೆ ಮನೆ ಗುಡಿಸಿ ಬ್ಲೀಚಿಂಗ್ ಪುಡಿ, ಸುಣ್ಣ ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಚನ್ನಪಟ್ಟಣದ ಗೊಂಬೆ ಕಸುಬಿನವರು ಮರದ ಹೊಟ್ಟು ಹಾರುವ ಲೇತಿನ ಬದಲು ಬಣ್ಣ, ಜೋಡಣೆ, ಲೆಕ್ಕದ ಕೆಲಸಕ್ಕೆ ಬದಲಾಗಬಹುದು. ಕಾರ್ಖಾನೆಯವರು ರಾತ್ರಿ ಪಾಳಿಯಿಂದ ವಿನಾಯಿತಿ ಪಡೆದರೆ ಮಾತ್ರೆಯ ವೇಳೆ ತಪ್ಪುವುದಿಲ್ಲ. ಕೆಲಸಕ್ಕೆ ಮರಳಿದವರ ಮನಸ್ಸು ಮರಳದವರದಕ್ಕಿಂತ ಗಟ್ಟಿಯಾಗಿರುತ್ತದೆಂಬುದು ಪದೇ ಪದೇ ಕಂಡುಬಂದಿರುವುದರಿಂದ ಈ ಹೊಂದಾಣಿಕೆಯನ್ನು ಮಾಲೀಕರು ದಯೆಯೆಂದು ಎಣಿಸದೆ ಚಿಕಿತ್ಸೆಯ ಮುಂದುವರಿಕೆಯೆಂದು ಎಣಿಸಬೇಕು.

ಕುಡಿತದಿಂದ ಲಿವರ್ ಕಳೆದುಕೊಂಡವರಿಗೆ ಕಸಿ ಏಕೆ ಎಂಬ ಪ್ರಶ್ನೆಯನ್ನು ಸಮಾಜ ಮತ್ತೆ ಮತ್ತೆ ಎತ್ತುತ್ತದೆ. ಆರು ತಿಂಗಳು ಕುಡಿಯದೆ ತೋರಿಸಬೇಕೆಂಬ ನಿಯಮವನ್ನು ಬಹುಕಾಲ ಬಹುತೇಕ ಕಡೆ ಪಾಲಿಸಲಾಗುತ್ತಿತ್ತು. ಔಷಧಿಗೆ ಬಗ್ಗದ ತೀವ್ರ ಮದ್ಯಜನ್ಯ ಹೆಪಟೈಟಿಸ್‌ನ ಆಯ್ದ ರೋಗಿಗಳಿಗೆ ಬೇಗನೆ ಕಸಿ ಮಾಡಿದಾಗ ಆರು ತಿಂಗಳಲ್ಲಿ ಶೇಕಡಾ 77 ಮಂದಿ, ಕಸಿಯಾಗದವರಲ್ಲಿ ಶೇಕಡಾ 23 ಮಂದಿ ಮಾತ್ರ ಉಳಿದಿದ್ದನ್ನು 2011ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ ವೈದ್ಯರು ಪ್ರಕಟಿಸಿದ ಮೇಲೆ ಆ ನಿಯಮ ಸಡಿಲಗೊಂಡಿದೆ. ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿ ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕಸಿಗೆ ಮುನ್ನವೂ ನಂತರವೂ ಅಂಥ ನೆರವು ಸಿಕ್ಕವರು ಕುಡಿತದಿಂದ ದೂರ ಉಳಿಯುವ ಸಾಧ್ಯತೆ ಹೆಚ್ಚು. ಕಸಿಯಾದವರನ್ನು ಊರಿನವರು ಕುಡುಕ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರೆ ಯಾವ ಮಾತ್ರೆಯೂ ಅವರ ಬದುಕನ್ನು ಪೂರ್ಣವಾಗಿ ಮೇಲೆತ್ತಲಾರದು.

ಲಿವರ್ ಸೋಲುವುದು ಕುಡಿತದಿಂದ ಮಾತ್ರವಲ್ಲ. ಅದೇ ನಿಮ್ಹಾನ್ಸ್ ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿತು. ಆಹಾರದ ತಾಮ್ರವನ್ನು ಹೊರಹಾಕಲಾಗದೆ ಅದು ಲಿವರ್‌ನಲ್ಲೂ ಮಿದುಳಿನಲ್ಲೂ ಶೇಖರವಾಗುವ ಈ ಆನುವಂಶಿಕ ರೋಗ, ಸೋದರಮಾವ ಸೊಸೆ, ಅತ್ತೆ ಮಾವನ ಮಕ್ಕಳು ಮದುವೆಯಾಗುವ ದಕ್ಷಿಣ ಕರ್ನಾಟಕದ ಕುಟುಂಬಗಳಲ್ಲಿ ಎಚ್ಚರಿಕೆಯಿಂದ ಹುಡುಕಬೇಕಾದದ್ದು. ಬೇಗ ಗೊತ್ತಾದರೆ ಮಾತ್ರೆಗಳಲ್ಲೇ ಹತೋಟಿಗೆ ಬರುತ್ತದೆ, ಲಿವರ್ ಸೋತ ಮೇಲೆ ಕಸಿ ಮಾಡಿದರೆ ಹೊಸ ಅಂಗ ತಾಮ್ರವನ್ನು ಸರಿಯಾಗಿ ನಿರ್ವಹಿಸುತ್ತದೆ. ಇನ್ನು ನವಜಾತ ಶಿಶುವಿನ ಕಾಮಾಲೆ ಎರಡು ವಾರ ದಾಟಿಯೂ ಉಳಿದು ಮಲ ಬಿಳಿಚಿಕೊಂಡಿದ್ದರೆ ಪಿತ್ತನಾಳ ಮುಚ್ಚಿರಬಹುದು. 60 ದಿನಗಳೊಳಗೆ ಕಸಾಯಿ ಎಂಬ ಜಪಾನೀ ವೈದ್ಯರ ಹೆಸರಿನ ಶಸ್ತ್ರಚಿಕಿತ್ಸೆಯಾದರೆ ಎಷ್ಟೋ ಮಕ್ಕಳಿಗೆ ಕಸಿ ಮುಂದಕ್ಕೆ ಹೋಗುತ್ತದೆ. ಈ ಮಾತು ಪ್ರತಿಯೊಬ್ಬ ಆಶಾ ಕಾರ್ಯಕರ್ತೆಗೂ ಪ್ರತಿಯೊಬ್ಬ ಬಾಣಂತಿಗೂ ತಲುಪಬೇಕು.

ಹಣದ ಪ್ರಶ್ನೆ ಎಲ್ಲದರ ಬೆನ್ನಿಗಿದೆ. ಖಾಸಗಿ ಆಸ್ಪತ್ರೆಗಳಲ್ಲಿ ಕಸಿಯ ವೆಚ್ಚ 20 ಲಕ್ಷ ರೂಪಾಯಿಗಳ ಆಸುಪಾಸಿನಿಂದ ಆರಂಭವಾಗುತ್ತದೆ, ಜಮೀನು ಮಾರಿ ಜೀವ ಉಳಿಸಿಕೊಂಡ ಕುಟುಂಬಕ್ಕೆ ಉಳಿದ ಜೀವನವನ್ನು ನಡೆಸಲು ಆಧಾರವೇ ಇರುವುದಿಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರ್ಕಾರ ಅಂಗಾಂಗ ಕಸಿಗೆ ನೆರವು ನೀಡುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ವಿಜ್ಞಾನ ಮತ್ತು ಅಂಗಾಂಗ ಕಸಿ ಸಂಸ್ಥೆಯಲ್ಲಿ ಲಿವರ್ ಕಸಿ ನಡೆಯುತ್ತಿರುವುದು ಬಡ ಕುಟುಂಬಗಳಿಗೆ ನಿಜವಾದ ಆಸರೆ. ಹಾರೋಹಳ್ಳಿಯ ರೋಗಿ ಬಸ್ಸಿನಲ್ಲಿ ರೇಷ್ಮೆ ಸಂಸ್ಥೆಯ ಮೆಟ್ರೊ ನಿಲ್ದಾಣಕ್ಕೆ ಬಂದು, 2021ರಿಂದ ಅಲ್ಲಿಯವರೆಗೂ ಓಡುತ್ತಿರುವ ಹಸಿರು ಮಾರ್ಗದ ರೈಲಿನಲ್ಲಿ ಬದಲಿಸದೆ ಕೃಷ್ಣರಾಜೇಂದ್ರ ಮಾರುಕಟ್ಟೆ ತಲುಪಿದರೆ ಆಸ್ಪತ್ರೆ ಅಲ್ಲಿಂದ ನಡೆಯುವಷ್ಟು ಹತ್ತಿರ. ಆದರೆ ಟ್ಯಾಕ್ರೊಲಿಮಸ್ ಪರೀಕ್ಷೆಗೆ ರಕ್ತವನ್ನು ಬೆಳಗಿನ ಮಾತ್ರೆ ನುಂಗುವ ಮುನ್ನವೇ ಕೊಡಬೇಕಾದ್ದರಿಂದ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ನಸುಕಿನಲ್ಲೇ ಹೊರಡಬೇಕು; ಮೊದಲ ತಿಂಗಳುಗಳಲ್ಲಿ ವಾರಕ್ಕೊಂದೆರಡು ಬಾರಿ, ಸೋಂಕು ಬೇಗ ತಗಲುವ ದೇಹವನ್ನು ಜನಜಂಗುಳಿಯ ಬಸ್ಸು ರೈಲುಗಳಲ್ಲಿ ಕೊಂಡೊಯ್ಯಬೇಕು, ಜೊತೆಗೆ ಬರುವ ಇನ್ನೊಬ್ಬರ ದಿನಗೂಲಿಯೂ ಹೋಗಬೇಕು.

ಈ ಓಡಾಟದಲ್ಲಿ ಬಹುಪಾಲನ್ನು ತಪ್ಪಿಸಬಹುದು. ಟ್ಯಾಕ್ರೊಲಿಮಸ್ ಪರೀಕ್ಷೆಗೆ ತೆಗೆದ ರಕ್ತ ಶೀತಪೆಟ್ಟಿಗೆಯಲ್ಲಿ ಕೆಲವು ದಿನ ಕೆಡದೆ ಉಳಿಯುತ್ತದೆ. ಹಾರೋಹಳ್ಳಿ ಬಳಿಯ ದೇವರಕಗ್ಗಲಹಳ್ಳಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದಿದೆ, ಕನಕಪುರ, ಮಾಗಡಿ, ಚನ್ನಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ರಾಮನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಇವುಗಳಲ್ಲಿ ವಾರದ ಒಂದು ನಿಗದಿತ ಬೆಳಿಗ್ಗೆ ಕಸಿಯಾದವರ ರಕ್ತ ತೆಗೆದು ಬೆಂಗಳೂರಿಗೆ ಕಳುಹಿಸಿ, ರಕ್ತದೊತ್ತಡ, ಸಕ್ಕರೆ, ತೂಕ ನೋಡಿ, ಮಾತ್ರೆಯ ಪ್ರಮಾಣದ ಬದಲಾವಣೆಯನ್ನು ಕಸಿ ಕೇಂದ್ರದ ವೈದ್ಯರಿಂದ ದೂರವಾಣಿಯಲ್ಲಿ ತಿಳಿದು ಬರೆದುಕೊಡಲು ಹೊಸ ಕಟ್ಟಡವಾಗಲೀ ಹೊಸ ಯಂತ್ರವಾಗಲೀ ಬೇಕಿಲ್ಲ, ತರಬೇತಾದ ಒಬ್ಬ ದಾದಿ ಮತ್ತು ಒಂದು ದಾಖಲೆ ಪುಸ್ತಕ ಸಾಕು. ಅದೇ ಪುಸ್ತಕದಲ್ಲಿ ರಕ್ತದ ಅಂಕಿಗಳ ಪಕ್ಕಕ್ಕೆ ನಿದ್ದೆ ಬರುತ್ತಿದೆಯೇ, ಎಷ್ಟು ದೂರ ನಡೆಯಲಾಗುತ್ತಿದೆ, ಕೆಲಸಕ್ಕೆ ಹೋಗುತ್ತಿದ್ದೀರಾ, ಲಿವರ್ ಕೊಟ್ಟ ಮನೆಯವರು ಹೇಗಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ರೋಗಿಯ ಮಾತಿನಲ್ಲೇ ಉತ್ತರ ಬರೆದುಕೊಳ್ಳಲು ದಾದಿಗೆ ಹಿಡಿಯುವುದು ಐದು ನಿಮಿಷ.